ಔಷಧಾಲಯದ ಗಣಕ ಮತ್ತು ವರ್ತಕರ ಹೊಣೆ

ಅನೇಕ ಆಸ್ಪತ್ರೆಗಳು ಔಷಧಾಲಯದ ತಂತ್ರಾಂಶವನ್ನು ಬಿಲ್ಲಿಗೂ ಜಿಎಸ್‌ಟಿ ಲೆಕ್ಕಕ್ಕೂ ಸೀಮಿತಗೊಳಿಸಿವೆ. ಇದು ದುಬಾರಿ ಉಳಿತಾಯ. ಔಷಧ ಪ್ರಮಾದಗಳಿಂದ ಜಗತ್ತಿಗಾಗುವ ವಾರ್ಷಿಕ ಹೊರೆ 4,200 ಕೋಟಿ ಡಾಲರ್ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಅಂದಾಜಿಸಿತ್ತು.

ಪ್ರಮಾಣ ಮೀರಿದ ಮಾತ್ರೆ, ಒಂದಕ್ಕೊಂದು ಹೊಂದದ ಔಷಧಗಳು, ಅವಧಿ ಮುಗಿದ ದಾಸ್ತಾನು ಇವುಗಳ ಬಗ್ಗೆ ತಂತ್ರಾಂಶವು ಫಾರ್ಮಸಿಸ್ಟರನ್ನು ಎಚ್ಚರಿಸಬಲ್ಲದು. ಆದರೆ ಅದಕ್ಕೆ ಉಣಿಸಿದ ಮಾಹಿತಿ ಶುದ್ಧವಾಗಿರಬೇಕು. ಭಾರತದಲ್ಲಿ 2023ರ ಆಗಸ್ಟ್ 1ರಿಂದ 300 ಬ್ರಾಂಡ್‌ಗಳ ಔಷಧಗಳಿಗೆ ಕ್ಯೂಆರ್ ಕೋಡ್ ಕಡ್ಡಾಯವಾಗಿದ್ದು, ಬ್ಯಾಚ್ ಸಂಖ್ಯೆಯೂ ಅವಧಿಯೂ ಅದರಲ್ಲಿ ಅಡಕವಾಗಿವೆ. ಕೋಡ್ ಇಲ್ಲದ ಔಷಧಗಳಿಗೆ ಸಗಟು ವರ್ತಕರ ಇನ್‌ವಾಯ್ಸೇ ಆಧಾರ. ಅಲ್ಲಿ ಒಂದಂಕಿ ತಪ್ಪಿದರೂ, ದೋಷಯುಕ್ತ ಬ್ಯಾಚು ಯಾವ ರೋಗಿಗೆ ಸಂದಿತೆಂಬುದನ್ನು ಪತ್ತೆಹಚ್ಚುವುದು ದುಸ್ತರ.

ಆದ್ದರಿಂದ ವಿತರಕರು ಬ್ಯಾಚ್ ವಿವರಗಳನ್ನು ವಿದ್ಯುನ್ಮಾನ ರೂಪದಲ್ಲಿಯೇ ಕಳುಹಿಸುವುದೂ, ಆಸ್ಪತ್ರೆಗಳು ಪ್ರತಿ ತಿಂಗಳು ದಾಸ್ತಾನನ್ನು ಲೆಕ್ಕದೊಡನೆ ತಾಳೆ ನೋಡುವುದೂ ಅತ್ಯವಶ್ಯ.