ಮೇಕೆಮರಿಯ ಭೇದಿಗೆ ಮೊದಲು ನೀರು ಕೊಡಿ



ಮಳೆ ಹಿಡಿಯಿತೆಂದರೆ ನಮ್ಮ ಶಿರಾ ಕಡೆ ಮೇಕೆಮರಿಗಳಿಗೆ ಭೇದಿ ಶುರು. ಮರಿ ತೆಳ್ಳಗೆ ಹಾಕಿದ ಕೂಡಲೇ ಮೆಡಿಕಲ್ ಶಾಪಿಗೆ ಓಡಿ, ಮನುಷ್ಯರ ಮಾತ್ರೆ ತಂದು ಅರೆದು ಕುಡಿಸುವವರೇ ಹೆಚ್ಚು. ಆದರೆ ಮರಿಯ ಜೀವ ತೆಗೆಯುವುದು ಬಹುಪಾಲು ಮೈಯ ನೀರು ಬತ್ತುವುದು. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟಾಗ ತಟ್ಟನೆ ಕೂರದೆ ಮಡಿಕೆಯಾಗಿಯೇ ನಿಂತರೆ, ಕಣ್ಣು ಗುಳಿಬಿದ್ದರೆ ತಡಮಾಡುವಂತಿಲ್ಲ. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ, ಉಗುರುಬೆಚ್ಚಗೆ ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಮೊದಲು ಗೋಣಿಚೀಲ ಸುತ್ತಿ ಬೆಚ್ಚಗೆ ಮಾಡಿ. ಚೀಪಲಾರದ ಮರಿಗೆ ಗೊಟ್ಟದಲ್ಲಿ ಸುರಿದರೆ ಅದು ಶ್ವಾಸಕೋಶಕ್ಕೇ ಇಳಿಯಬಹುದು. ಹಾಗೆ ಗೊಟ್ಟ ಹಾಕುವ ಹಟ ನಮ್ಮ ಹಿರಿಯರನ್ನು ಇನ್ನೂ ಬಿಟ್ಟಿಲ್ಲ!

ಮೂರು ವಾರ ದಾಟಿದ ಮರಿಯ ಭೇದಿಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು. ಅದಕ್ಕೆ ಜಂತುಹುಳುವಿನ ಔಷಧ ನಾಟುವುದಿಲ್ಲ, ಹಿಕ್ಕೆ ಪರೀಕ್ಷೆ ಆಗಲೇಬೇಕು. ಸಂಚಾರಿ ಪಶುಚಿಕಿತ್ಸೆಗೆ 1962 ಸಂಖ್ಯೆ ಇದೆ, ಸರಿ. ಆದರೆ ಹಿಕ್ಕೆ ನೋಡಲು ಬೇಕಾದ ಸೂಕ್ಷ್ಮದರ್ಶಕ ಪ್ರತಿ ಹೋಬಳಿಯ ಪಶು ಆಸ್ಪತ್ರೆಯಲ್ಲೂ ಇರಲಿ. ಕರುಳುಬೇನೆಯ ಲಸಿಕೆ ಮುಂಗಾರಿಗೆ ಮುಂಚೆಯೇ ಹಟ್ಟಿಗಳಿಗೆ ಬರಲಿ.

– ಮೇಕೆ ಸಾಕುವವನೊಬ್ಬ, ಶಿರಾ ತಾಲ್ಲೂಕು