ಮುಟ್ಟಬೇಡ ಎಂಬ ಪೆಟ್ಟಿಗೆ

“ಎರಡು ಡಿಸ್ಕ್ ಇವೆ, ಒಂದು ಹೋದರೆ ಇನ್ನೊಂದು ಕಾಯುತ್ತದೆ, ನೀನು ಮುಟ್ಟಬೇಡ.” ಮದುವೆಯ, ಮಕ್ಕಳ ಫೋಟೋಗಳನ್ನೆಲ್ಲ ತುಂಬಿಟ್ಟ ಪೆಟ್ಟಿಗೆಯ ಬಗ್ಗೆ ಮನೆಯ ಗಂಡಸರ ಮಾತಿದು. ಪರೀಕ್ಷಿಸದ ಧೈರ್ಯ ಧೈರ್ಯವೇ? ಒಂದು ಡಿಸ್ಕ್ ಸತ್ತರೂ ಫೋಟೋಗಳು ಎಂದಿನಂತೆ ತೆರೆಯುತ್ತವೆ. ಎಚ್ಚರಿಕೆಯನ್ನು ಯಾರೂ ಗಮನಿಸದಿದ್ದರೆ, ಎರಡನೆಯದೂ ಸತ್ತಾಗಲೇ ಗೊತ್ತಾಗುವುದು. 1987ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ‘ರೇಡ್’ ಎಂದು ಹೆಸರಿಟ್ಟ ಈ ಏರ್ಪಾಡು ಕೈತಪ್ಪಿ ಅಳಿಸಿದ್ದನ್ನು ಉಳಿಸುವುದಿಲ್ಲ. ಒಂದರಲ್ಲಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ.

ಆದ್ದರಿಂದ ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ ಎತ್ತಿಡಿ. ಆಮೇಲೆ ಪೆಟ್ಟಿಗೆ ಆರಿಸಿ, ಒಂದು ಡಿಸ್ಕ್ ಹೊರತೆಗೆದು, ಮತ್ತೆ ಚಾಲೂ ಮಾಡಿ. ಫೋಟೋ ತೆರೆಯಬೇಕು, ಎಚ್ಚರಿಕೆಯೂ ಬರಬೇಕು. ಡಿಸ್ಕನ್ನು ಮರಳಿ ಸೇರಿಸಿ, ಎರಡೂ ಸಮವಾಗುವವರೆಗೆ ಕಾಯಿರಿ. ಮಡಕೆಯನ್ನೂ ಬಡಿದು ನೋಡಿ ಕೊಳ್ಳುವವರು ನಾವು, ಇದನ್ನೇಕೆ ಬಿಡಬೇಕು?