ವೃಷಭಾವತಿಗೆ ಕಡಲ ಜೀವಿಗಳ ಕಾವಲು

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕೊಳೆನೀರು ಕಡೆಗೆ ಸೇರುವುದು ವೃಷಭಾವತಿ ನದಿಯನ್ನು. ಗಾಳಿ ಆಂಜನೇಯ ದೇವಸ್ಥಾನದ ಪಕ್ಕ ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಇಳಿಯುವ ಈ ನೀರು ಮುಂದೆ ಅರ್ಕಾವತಿ, ಅಲ್ಲಿಂದ ಕಾವೇರಿ. ಅದರ ಜೊತೆಗೇ ಹರಿಯುತ್ತದೆ ಕಾರ್ಖಾನೆಗಳ ಸೀಸ, ನಿಕ್ಕಲ್, ಕ್ರೋಮಿಯಂ. ಕೆರೆಯ ಹೂಳಿನಲ್ಲಿ, ಆ ನೀರುಂಡು ಬೆಳೆದ ಸೊಪ್ಪಿನಲ್ಲಿ ಈ ಲೋಹಗಳನ್ನು ಸಂಶೋಧಕರು ಮತ್ತೆ ಮತ್ತೆ ಅಳೆದು ತೋರಿಸಿದ್ದಾರೆ.

ನೊರೆ ಕಣ್ಣಿಗೆ ಬೀಳುತ್ತದೆ, ನಾತ ಮೂಗಿಗೆ ಬಡಿಯುತ್ತದೆ. ಲೋಹ ಮಾತ್ರ ಸುಳಿವು ಕೊಡುವುದಿಲ್ಲ. ನಿಗದಿತ ದಿನ ಬಂದು ಬಾಟಲಿ ತುಂಬಿಕೊಂಡು ಹೋದರೆ ಸಿಗುವುದು ಆ ಹೊತ್ತಿನ ನೀರಿನ ಲೆಕ್ಕ. ನಡುರಾತ್ರಿ ಯಾರೋ ಪೈಪ್ ತೆರೆದು ಬಿಟ್ಟದ್ದು ಬೆಳಗಾಗುವಷ್ಟರಲ್ಲಿ ಕೆಂಗೇರಿ ದಾಟಿರುತ್ತದೆ.

ಇದಕ್ಕೆ ಕಡಲಲ್ಲಿ ಒಂದು ಉಪಾಯವಿದೆ. ಅಲಿವಿಬ್ರಿಯೊ ಫಿಶರಿ ಎಂಬ ಸಮುದ್ರದ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದಾಗ ನೀಲಿಹಸಿರು ಬೆಳಕು ಸೂಸುತ್ತದೆ. ಒಣಗಿಸಿಟ್ಟ ಪುಡಿಯನ್ನು ಪುಟ್ಟ ಗಾಜಿನ ನಳಿಗೆಯಲ್ಲಿ ಉಪ್ಪುನೀರಿಗೆ ಕದಡಿ, 15 ಡಿಗ್ರಿ ತಂಪಿನಲ್ಲಿಟ್ಟು, ಮೊದಲು ಬೆಳಕನ್ನು ಅಳೆಯುತ್ತಾರೆ. ಆಮೇಲೆ ಪರೀಕ್ಷೆಯ ನೀರು ಬೆರೆಸಿ, 15 ಅಥವಾ 30 ನಿಮಿಷ ಕಾದು ಮತ್ತೆ ಅಳೆಯುತ್ತಾರೆ. ನೀರಿನಲ್ಲಿ ಪಾದರಸವೋ ತಾಮ್ರವೋ ಸತುವೋ ಇದ್ದರೆ ಜೀವಿಯ ಉಸಿರಾಟ ಕೆಟ್ಟು ಬೆಳಕು ಮಂಕಾಗುತ್ತದೆ. ಐಎಸ್‌ಒ 11348 ಎಂಬ ಅಂತರರಾಷ್ಟ್ರೀಯ ಮಾನಕವೇ ಇದಕ್ಕಿದೆ. ಯಾವ ವಿಷ ಎಂದು ಅದು ಹೇಳದು. ಕ್ಯಾಡ್ಮಿಯಂ, ಕ್ರೋಮಿಯಂ ವಿಷಯದಲ್ಲಿ ಅಷ್ಟು ಚುರುಕೂ ಅಲ್ಲ. ಹಾಗಾಗಿ ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು. ಆದರೆ ಯಾವ ಬಾಟಲಿಯನ್ನು ತುರ್ತಾಗಿ ಕಳಿಸಬೇಕೆಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ನಿಧಾನವಾಗಿ ಕೂಡಿಬರುವ ವಿಷಕ್ಕೆ ಕಪ್ಪೆಚಿಪ್ಪು ಒಳ್ಳೆಯ ಸಾಕ್ಷಿ. ಮಂಗಳೂರು ಕಡೆಯವರು ಪಚ್ಚಿಲೆ ಎಂದು ತಿನ್ನುವ ಈ ಜೀವಿ ದಿನವಿಡೀ ನೀರು ಸೋಸುತ್ತ ಲೋಹಗಳನ್ನು ಮೈಯಲ್ಲೇ ಉಳಿಸಿಕೊಳ್ಳುತ್ತದೆ. ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಮುಂದಿಟ್ಟ ಈ ವಿಚಾರ, 1986ರಿಂದ ಅಮೆರಿಕದ ಕರಾವಳಿಯುದ್ದಕ್ಕೂ ಸರ್ಕಾರಿ ಕಾರ್ಯಕ್ರಮವಾಗಿ ನಡೆದಿದೆ. ಪೋಲೆಂಡಿನ ವಾರ್ಸಾದಲ್ಲಿ ಸಿಹಿನೀರಿನ ಚಿಪ್ಪುಗಳಿಗೆ ಸಂವೇದಕ ಕಟ್ಟಿ ಕುಡಿಯುವ ನೀರನ್ನು ಕಾಯುತ್ತಾರೆ; ಅವು ಒಟ್ಟಾಗಿ ಬಾಯಿ ಮುಚ್ಚಿದರೆ ಎಚ್ಚರಿಕೆ ಮೊಳಗುತ್ತದೆ. ಸಿಹಿನೀರಿನ ಚಿಪ್ಪುಗಳು ನಮ್ಮ ಕೆರೆಗಳಲ್ಲೂ ಇವೆ. ಇಂದಿನ ವೃಷಭಾವತಿಯಲ್ಲಿ ಅವು ಬದುಕಲಾರವು, ಶುದ್ಧೀಕರಿಸಿ ಹೊರಬಿಡುವ ನೀರಿನಲ್ಲಾದರೂ ಬದುಕಬೇಕು.

ಇಂಥ ಕಾವಲು ಈಗಲೇ ಬೇಕು. ವೃಷಭಾವತಿ ಕಣಿವೆಯ ಸಂಸ್ಕರಿತ ನೀರನ್ನು ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಏರಿಸುವ ಯೋಜನೆಯಿದೆ. ಆದರೆ ಕೊಳೆನೀರಿನ ಎರಡನೇ ಹಂತದ ಸಂಸ್ಕರಣೆಯ ಮುಖ್ಯ ಉದ್ದೇಶ ಸಾವಯವ ಕೊಳೆ ತೆಗೆಯುವುದು, ಲೋಹ ತೆಗೆಯುವುದಲ್ಲ. ನೀರು ಕೊಡುವವರು ಅದರ ಗುಣಕ್ಕೂ ಹೊಣೆಯಾಗಬೇಕು. ನಾಯಂಡಹಳ್ಳಿ ಮತ್ತು ಕೆಂಗೇರಿಯಲ್ಲಿ ರಾತ್ರಿ ಪಾಳಿಯಲ್ಲೂ ಬ್ಯಾಕ್ಟೀರಿಯಾದ ಬೆಳಕಿನ ಪರೀಕ್ಷೆ ನಡೆಯಲಿ, ಫಲಿತಾಂಶ ಅಂದಂದೇ ನೀರು ಪಡೆಯುವ ಗ್ರಾಮ ಪಂಚಾಯಿತಿಗಳಿಗೆ ಮುಟ್ಟಲಿ. ಬೆಳಕು ಮಂಕಾದರೆ ಪಂಪ್ ನಿಲ್ಲಿಸುವ ಅಧಿಕಾರ ಆ ಪಾಳಿಯ ಎಂಜಿನಿಯರ್‌ಗೇ ಇರಲಿ.